ಲಕೋಟೆಯೊಳಗಿನ ಅಮಾನತು

ನಮ್ಮಲ್ಲಿ ಬಹುತೇಕ ಮನೆಗಳ ಬೀರುವಿನಲ್ಲಿ ಒಂದು ಪ್ಲಾಸ್ಟಿಕ್ ಚೀಲ ಇರುತ್ತದೆ. ಯಾವುದೋ ಬಟ್ಟೆ ಅಂಗಡಿಯ ಹೆಸರು ಅಚ್ಚಾದ ಆ ಚೀಲದಲ್ಲಿ ಮನೆಯ ಹಿರಿಯರ ಕಾಯಿಲೆಯ ಚರಿತ್ರೆಯೆಲ್ಲ ಅಡಗಿರುತ್ತದೆ. ಎಕ್ಸ್‌ರೇ ಹಾಳೆಗಳು, ಅಕ್ಷರ ಮಾಸಿದ ರಕ್ತಪರೀಕ್ಷೆಯ ವರದಿಗಳು, ಇ.ಸಿ.ಜಿ.ಯ ಸುರುಳಿ, ಬರೆದ ಡಾಕ್ಟರಿಗೂ ಮೆಡಿಕಲ್ ಶಾಪಿನವನಿಗೂ ಬಿಟ್ಟರೆ ಮೂರನೆಯವರಿಗೆ ಓದಲಾಗದ ಚೀಟಿಗಳು. ನಮ್ಮ ಅಮ್ಮಿಯ ಚೀಲವನ್ನು ಒಮ್ಮೆ ನಾವು ಬಸ್ಸಿನಲ್ಲಿ ಮರೆತು ಇಳಿದುಬಿಟ್ಟೆವು. ಮರುದಿನ ಆಸ್ಪತ್ರೆಯಲ್ಲಿ 'ಹಳೇ ರಿಪೋರ್ಟ್ ಎಲ್ಲಿ?' ಎಂದು ಕೇಳಿದರು. ಇಲ್ಲವೆಂದಾಗ ಎಲ್ಲ ಪರೀಕ್ಷೆಗಳೂ ಮೊದಲಿನಿಂದ ಶುರುವಾದವು. ಅಮ್ಮಿಯ ಹತ್ತು ವರ್ಷಗಳ ಸಕ್ಕರೆ ಕಾಯಿಲೆ ಅಂದು ಹೊಸದಾಗಿ ಹುಟ್ಟಿತು.

ರೋಗಿಯ ದಫ್ತರವನ್ನು ಯಾರು ಇಟ್ಟುಕೊಳ್ಳಬೇಕು? ರೋಗಿಯೋ, ವೈದ್ಯರೋ, ಸರ್ಕಾರವೋ? ಈ ಪ್ರಶ್ನೆಗೆ ನೂರು ವರ್ಷಗಳ ಹಿಂದೆಯೇ ಒಂದು ಉತ್ತರ ಕಂಡುಕೊಂಡ ದೇಶ ಬ್ರಿಟನ್. ಅದೇ ದೇಶ ಇಪ್ಪತ್ತನೆಯ ಶತಮಾನದ ಕೊನೆಗೆ ಆ ದಫ್ತರವನ್ನು ಕಂಪ್ಯೂಟರಿಗೆ ಏರಿಸಲು ಹೊರಟು ಒಂದು ಕಡೆ ಗೆದ್ದಿತು, ಇನ್ನೊಂದು ಕಡೆ ಸಾವಿರ ಕೋಟಿ ಪೌಂಡುಗಳ ಲೆಕ್ಕದಲ್ಲಿ ಸೋತಿತು. ನಮ್ಮ ದೇಶವೂ ಈಗ ಅದೇ ದಾರಿಗೆ ಕಾಲಿಟ್ಟಿರುವುದರಿಂದ ಆ ಕಥೆಯನ್ನು ಸ್ವಲ್ಪ ವಿವರವಾಗಿ ನೋಡುವುದು ಒಳ್ಳೆಯದೆಂದು ನಮಗೆ ತೋರುತ್ತದೆ.

1911ರಲ್ಲಿ ಬ್ರಿಟನ್ನಿನ ಹಣಕಾಸು ಮಂತ್ರಿಯಾಗಿದ್ದ ಲಾಯ್ಡ್ ಜಾರ್ಜ್ ರಾಷ್ಟ್ರೀಯ ವಿಮಾ ಕಾಯ್ದೆಯನ್ನು ತಂದರು. ಕೂಲಿ ಕಾರ್ಮಿಕನ ಸಂಬಳದಿಂದ ವಾರಕ್ಕೆ ಇಷ್ಟು ಎಂದು ಮುರಿದುಕೊಂಡು, ಮಾಲೀಕನೂ ಸರ್ಕಾರವೂ ತಮ್ಮ ಪಾಲು ಸೇರಿಸಿ, ಕಾಯಿಲೆ ಬಿದ್ದಾಗ ವೈದ್ಯರ ಸೇವೆ ಕೊಡಿಸುವ ಏರ್ಪಾಡು ಅದು. ಕಾರ್ಮಿಕನ ಹೆಂಡತಿ ಮಕ್ಕಳಿಗೆ ಆ ಭಾಗ್ಯ ಇರಲಿಲ್ಲ ಎಂಬುದು ಬೇರೆ ಮಾತು. ವಿಮೆ ಬಂದ ಮೇಲೆ ದಾಖಲೆ ಬೇಕಲ್ಲ? ಅದಕ್ಕಾಗಿ ಬಂದದ್ದು ಒಂದು ಕಂದು ಬಣ್ಣದ ಲಕೋಟೆ. ಸುಮಾರು ಐದಿಂಚು ಅಗಲ, ಏಳಿಂಚು ಉದ್ದ. ರೋಗಿ ಬಂದಾಗಲೆಲ್ಲ ವೈದ್ಯರು ಒಂದು ಚೀಟಿಯಲ್ಲಿ ನಾಲ್ಕು ಸಾಲು ಗೀಚಿ ಅದರೊಳಗೆ ಸೇರಿಸುವುದು. ರೋಗಿ ಊರು ಬಿಟ್ಟರೆ ಲಕೋಟೆಯೂ ಅವನ ಹಿಂದೆ ಹೊಸ ಊರಿನ ವೈದ್ಯರ ಬಳಿಗೆ ಹೋಗುತ್ತಿತ್ತು. ಜನ ಅದನ್ನು 'ಲಾಯ್ಡ್ ಜಾರ್ಜ್ ಲಕೋಟೆ' ಎಂದೇ ಕರೆದರು.

1948ರ ಜುಲೈ 5ರಂದು ನ್ಯಾಷನಲ್ ಹೆಲ್ತ್ ಸರ್ವಿಸ್, ಅಂದರೆ ಎನ್.ಎಚ್.ಎಸ್., ಆರಂಭವಾಯಿತು. ಅದರ ರೂವಾರಿ ಆರೋಗ್ಯ ಮಂತ್ರಿ ಅನೈರಿನ್ ಬೆವನ್. ವೇಲ್ಸ್‌ನ ಟ್ರೆಡೆಗರ್ ಎಂಬ ಗಣಿ ಊರಿನಲ್ಲಿ ಹುಟ್ಟಿ, ಸ್ವತಃ ಕಲ್ಲಿದ್ದಲ ಗಣಿಯಲ್ಲಿ ದುಡಿದವರು. ಬಡವ ಬಲ್ಲಿದ, ಗಂಡು ಹೆಣ್ಣು ಎನ್ನದೆ ಎಲ್ಲರಿಗೂ ಚಿಕಿತ್ಸೆ, ಚಿಕಿತ್ಸೆಯ ಹೊತ್ತಿನಲ್ಲಿ ಕಾಸು ಕೇಳುವಂತಿಲ್ಲ. ಇದು ಬೆವನ್ ಹಾಕಿದ ಅಡಿಗಲ್ಲು. ವೈದ್ಯರ ಸಂಘ ಮಾತ್ರ ಜಗ್ಗಾಡಿತು. ಕೊನೆಗೆ ಒಂದು ರಾಜಿಯಾಯಿತು. ಆಸ್ಪತ್ರೆಗಳು ಸರ್ಕಾರದವು, ಅಲ್ಲಿನ ವೈದ್ಯರು ಸಂಬಳದವರು. ಆದರೆ ಬೀದಿಯ ಕುಟುಂಬ ವೈದ್ಯ, ಅಲ್ಲಿ ಜನರಲ್ ಪ್ರಾಕ್ಟೀಷನರ್ ಅಥವಾ ಜಿ.ಪಿ. ಎಂದು ಕರೆಯುತ್ತಾರೆ, ಸರ್ಕಾರದ ನೌಕರನಾಗದೆ ಸರ್ಕಾರದೊಂದಿಗೆ ಕರಾರು ಮಾಡಿಕೊಂಡ ಸ್ವತಂತ್ರನಾಗಿ ಉಳಿದ. ಓದುಗರು ಈ ಸಣ್ಣ ವಿವರವನ್ನು ನೆನಪಿಟ್ಟುಕೊಳ್ಳಬೇಕು. ಮುಂದಿನ ಕಥೆಯ ಕೀಲಿ ಇದರಲ್ಲೇ ಇದೆ.

ಹೊಸ ವ್ಯವಸ್ಥೆಯಲ್ಲೂ ಲಕೋಟೆ ಅದೇ. ಈಗ ಅದು ಹೆಂಗಸರಿಗೂ ಮಕ್ಕಳಿಗೂ ಬಂತು. ಅಂಗೈಗಿಂತ ತುಸು ದೊಡ್ಡದಾದ ಆ ಲಕೋಟೆಯಲ್ಲಿ ಹುಟ್ಟಿನಿಂದ ಸಾವಿನವರೆಗಿನ ಬದುಕು ಮಡಚಿಕೊಂಡು ಕೂರಬೇಕಾಗಿತ್ತು. ಆಸ್ಪತ್ರೆಯಿಂದ ಬಂದ ಪತ್ರಗಳನ್ನು ನಾಲ್ಕು ಮಡಿಕೆ ಮಾಡಿ ತುರುಕುತ್ತಿದ್ದರು. ಹಳೆಯ ರೋಗಿಗಳ ಲಕೋಟೆಗಳು ಉಬ್ಬಿ, ಅಂಚು ಹರಿದು, ರಬ್ಬರ್ ಬ್ಯಾಂಡು ಹಾಕಿಸಿಕೊಂಡು ಕಪಾಟಿನಲ್ಲಿ ಕೂರುತ್ತಿದ್ದವು.

ಆ ಲಕೋಟೆಗಳ ಮೇಲೆ ಬಿದ್ದ ಕೈಬರಹದಲ್ಲಿ ನಮ್ಮವರದೂ ಬಹಳಷ್ಟಿದೆ. ಬ್ರಿಟಿಷ್ ವೈದ್ಯರು ದೊಡ್ಡ ಆಸ್ಪತ್ರೆಗಳ ಹುದ್ದೆಯನ್ನೂ ಅನುಕೂಲಸ್ಥರ ಬಡಾವಣೆಗಳನ್ನೂ ಬಯಸಿದರು. ವೇಲ್ಸ್‌ನ ಗಣಿ ಕಣಿವೆಗಳಿಗೆ, ಉತ್ತರದ ಗಿರಣಿ ಊರುಗಳಿಗೆ, ನಗರಗಳ ಬಡ ಕೇರಿಗಳಿಗೆ ಹೋದವರು ಭಾರತ, ಪಾಕಿಸ್ತಾನಗಳಿಂದ ಬಂದ ವೈದ್ಯರು. 1980ರ ದಶಕದ ಹೊತ್ತಿಗೆ ಅಲ್ಲಿನ ಜಿ.ಪಿ.ಗಳಲ್ಲಿ ನೂರಕ್ಕೆ ಸುಮಾರು ಹದಿನಾರು ಮಂದಿ ನಮ್ಮ ಉಪಖಂಡದಲ್ಲಿ ಹುಟ್ಟಿದವರಾಗಿದ್ದರು. ಮೈಸೂರು, ಮಣಿಪಾಲಗಳಲ್ಲಿ ಓದಿ ಹೋದವರೂ ಅವರ ನಡುವೆ ಇದ್ದರು. ಎಷ್ಟೋ ಊರುಗಳಲ್ಲಿ ಒಬ್ಬನೇ ವೈದ್ಯ, ಒಂದೇ ಕೋಣೆ, ಒಂದು ಗೋಡೆಯ ತುಂಬ ಲಕೋಟೆ. ಗಣಿಯ ಧೂಳಿನಿಂದ ಕೆಟ್ಟ ಪುಪ್ಪುಸದ ಲೆಕ್ಕವನ್ನು ಬರೆದಿಟ್ಟವರು ಇವರು.

ಇಲ್ಲಿ ಒಂದು ಮಾತು ಹೇಳಲೇಬೇಕು. ಕನ್ನಡದಲ್ಲಿ 'ಅಮಾನತು' ಎಂದರೆ ನೌಕರನನ್ನು ತಾತ್ಕಾಲಿಕವಾಗಿ ಕೆಲಸದಿಂದ ಕೆಳಗಿಳಿಸುವುದು. ನಮ್ಮ ಉರ್ದು ಶಾಲೆಯಲ್ಲಿ ಕಲಿತ 'ಅಮಾನತ್' ಬೇರೆ. ಒಬ್ಬರು ನಂಬಿ ಇನ್ನೊಬ್ಬರ ಕೈಯಲ್ಲಿ ಇಟ್ಟ ವಸ್ತು ಅದು. ಇಟ್ಟುಕೊಂಡವನು ಅದನ್ನು ಕಾಯಬೇಕು, ಬಳಸಬಾರದು, ಕೇಳಿದಾಗ ಹಿಂತಿರುಗಿಸಬೇಕು. ಒಂದೇ ಪದ ಎರಡು ಭಾಷೆಗಳಲ್ಲಿ ಹೇಗೆ ಬೇರೆ ದಾರಿ ಹಿಡಿಯಿತೋ ಕಾಣೆವು. ರೋಗಿ ವೈದ್ಯರ ಮುಂದೆ ಕೂತು, ಹೆಂಡತಿಗೂ ಹೇಳದ ಮಾತನ್ನು ಹೇಳಿದಾಗ, ಅದು ಲಕೋಟೆಗೆ ಹೋಗುವುದು ಉರ್ದುವಿನ ಅರ್ಥದ ಅಮಾನತ್ ಆಗಿಯೇ.

ಈ ಲಕೋಟೆಯ ಪಕ್ಕಕ್ಕೆ ಕಂಪ್ಯೂಟರು ಬಂದದ್ದು ಸರ್ಕಾರದ ಅಪ್ಪಣೆಯಿಂದಲ್ಲ. 1970ರಲ್ಲಿ ಎಕ್ಸೆಟರ್ ನಗರದ ಜಾನ್ ಪ್ರೀಸ್ ಎಂಬ ಜಿ.ಪಿ. ರೋಗಿಯನ್ನು ನೋಡುವ ಕೋಣೆಯಲ್ಲೇ ಕಂಪ್ಯೂಟರು ಬಳಸತೊಡಗಿದರು. ಹಾಗೆ ಮಾಡಿದ ಮೊದಲ ಜಿ.ಪಿ. ಅವರು ಎನ್ನುತ್ತಾರೆ. 1980ರ ದಶಕದ ಆರಂಭದಲ್ಲಿ ಲಫ್‌ಬರೋ ಊರಿನ ಜೇಮ್ಸ್ ರೀಡ್ ಎಂಬ ಇನ್ನೊಬ್ಬ ಜಿ.ಪಿ. ಪ್ರತಿ ಕಾಯಿಲೆಗೂ ಒಂದು ಚಿಕ್ಕ ಸಂಕೇತ ಕೊಡುವ ಪಟ್ಟಿ ಮಾಡಿದರು. ಆಗಿನ ಕಂಪ್ಯೂಟರುಗಳ ನೆನಪಿನ ಶಕ್ತಿ ಅಷ್ಟಕ್ಕಷ್ಟೆ, ಉದ್ದುದ್ದ ಹೆಸರುಗಳಿಗೆ ಅಲ್ಲಿ ಜಾಗವಿರಲಿಲ್ಲ. ನಾಲ್ಕೈದು ಅಕ್ಷರ, ಅಂಕೆಗಳಲ್ಲಿ ಕಾಯಿಲೆಯನ್ನು ಹಿಡಿದಿಡುವ ಈ 'ರೀಡ್ ಕೋಡ್' ಮುಂದೆ ಇಡೀ ದೇಶದ ಜಿ.ಪಿ.ಗಳ ಭಾಷೆಯಾಯಿತು. ಉತ್ತರ ಯಾರ್ಕ್‌ಶೈರಿನ ಎಗ್ಟನ್ ಎಂಬ ಹಳ್ಳಿಯ ಇಬ್ಬರು ವೈದ್ಯರು, ಪೀಟರ್ ಸವರ್ಬಿ ಮತ್ತು ಡೇವಿಡ್ ಸ್ಟೇಬಲ್ಸ್, ತಮ್ಮ ಕ್ಲಿನಿಕ್ಕಿಗೆಂದು ಮಾಡಿಕೊಂಡ ಸಾಫ್ಟ್‌ವೇರ್ ಮುಂದೆ ಇಂಗ್ಲೆಂಡಿನ ಅರ್ಧಕ್ಕೂ ಹೆಚ್ಚು ಕ್ಲಿನಿಕ್ಕುಗಳನ್ನು ಹೊಕ್ಕಿತು. ಅದರ ಹೆಸರು ಎಮಿಸ್. ಹೆಸರಿನ ಮೊದಲ ಅಕ್ಷರದಲ್ಲಿ ಇಂದಿಗೂ ಆ ಹಳ್ಳಿ ಇದೆ.

1987ರಲ್ಲಿ ಎರಡು ಕಂಪನಿಗಳು ಒಂದು ವಿಚಿತ್ರ ವ್ಯಾಪಾರಕ್ಕೆ ಇಳಿದವು. ಜಿ.ಪಿ.ಗಳಿಗೆ ಕಂಪ್ಯೂಟರು ಪುಕ್ಕಟೆ. ಬದಲಿಗೆ ಅವರು ರೋಗಿಗಳ ಹೆಸರು ತೆಗೆದ ಮಾಹಿತಿಯನ್ನು ಕೊಡಬೇಕು, ಕಂಪನಿ ಅದನ್ನು ಔಷಧ ಕಂಪನಿಗಳಿಗೆ ಮಾರುತ್ತದೆ. ವ್ಯಾಪಾರವಾಗಿ ಅದು ನಿಲ್ಲಲಿಲ್ಲ. ಆದರೆ ಅದರಲ್ಲೊಂದು ಕಂಪನಿ ಕೂಡಿಹಾಕಿದ ಮಾಹಿತಿ ಕೊನೆಗೆ ಸರ್ಕಾರದ ಕೈಗೆ ಬಂದು ಸಂಶೋಧಕರಿಗೆ ದೊಡ್ಡ ಭಂಡಾರವಾಯಿತು. ದಡಾರ ಮೊದಲಾದ ಮೂರು ರೋಗಗಳ ವಿರುದ್ಧದ ಎಂ.ಎಂ.ಆರ್. ಲಸಿಕೆಯಿಂದ ಮಕ್ಕಳಿಗೆ ಆಟಿಸಂ ಬರುತ್ತದೆಂಬ ಸುದ್ದಿ ಬ್ರಿಟನ್ನನ್ನು ನಡುಗಿಸಿದಾಗ, 2004ರಲ್ಲಿ ಇದೇ ಭಂಡಾರದ ದಾಖಲೆಗಳನ್ನು ಜಾಲಾಡಿ ಅಂಥ ಸಂಬಂಧವಿಲ್ಲ ಎಂದು ತೋರಿಸಿದರು. ಪಾಪದ ಹಣದಿಂದ ಕಟ್ಟಿದ ಬಾವಿಯಲ್ಲೂ ಸಿಹಿ ನೀರು ಬಂದಂತಾಯಿತು ಎನ್ನೋಣವೇ?

1990ರಲ್ಲಿ ಸರ್ಕಾರ ಜಿ.ಪಿ.ಗಳ ಕರಾರನ್ನು ಬದಲಿಸಿತು. ಇಷ್ಟು ಮಕ್ಕಳಿಗೆ ಲಸಿಕೆ, ಇಷ್ಟು ಹೆಂಗಸರಿಗೆ ಗರ್ಭಕೊರಳಿನ ಪರೀಕ್ಷೆ ಆದರೆ ಮಾತ್ರ ಹೆಚ್ಚಿನ ಹಣ ಎಂದಿತು. ಯಾರಿಗೆ ಆಗಿದೆ, ಯಾರಿಗೆ ಆಗಿಲ್ಲ ಎಂದು ಸಾವಿರಾರು ಲಕೋಟೆ ಬಿಚ್ಚಿ ನೋಡಲು ಯಾರಿಂದ ಸಾಧ್ಯ? ಕಂಪ್ಯೂಟರಿನ ಅರ್ಧ ಖರ್ಚನ್ನೂ ಸರ್ಕಾರ ಕೊಡತೊಡಗಿತು. 1996ರ ಹೊತ್ತಿಗೆ ನೂರಕ್ಕೆ 96 ಜಿ.ಪಿ. ಕ್ಲಿನಿಕ್ಕುಗಳಲ್ಲಿ ಕಂಪ್ಯೂಟರು ಬಂದಿತ್ತು. ಜಗತ್ತಿನ ಬೇರೆ ಅನೇಕ ದೇಶಗಳ ಕುಟುಂಬ ವೈದ್ಯರು ಆಗಿನ್ನೂ ಪೆನ್ನು ಹಿಡಿದೇ ಇದ್ದರು. ಗಮನಿಸಿ, ಇಲ್ಲಿ ಯಂತ್ರವನ್ನು ಆರಿಸಿದವರು, ಕೊಂಡವರು, ಅದರಿಂದ ಲಾಭ ಪಡೆದವರು, ಅದರೊಳಗಿನ ಗುಟ್ಟಿಗೆ ರೋಗಿಯ ಮುಂದೆ ಜವಾಬ್ದಾರರಾದವರು ಎಲ್ಲರೂ ಒಬ್ಬರೇ.

ಕಂಪ್ಯೂಟರು ಎಲ್ಲವನ್ನೂ ನೆನಪಿಡುತ್ತದೆ ಎಂಬುದಕ್ಕೆ ಒಂದು ಭಯಾನಕ ಸಾಕ್ಷಿಯೂ ಅದೇ ಕಾಲದಲ್ಲಿ ಸಿಕ್ಕಿತು. ಮ್ಯಾಂಚೆಸ್ಟರ್ ಬಳಿಯ ಹೈಡ್ ಊರಿನ ಹೆರಾಲ್ಡ್ ಶಿಪ್‌ಮನ್ ಜನಪ್ರಿಯ ಜಿ.ಪಿ. ವಯಸ್ಸಾದ ರೋಗಿಗಳಿಗೆ ವಿಷಮಟ್ಟದ ಮಾದಕ ಚುಚ್ಚುಮದ್ದು ಕೊಟ್ಟು ಕೊಲ್ಲುತ್ತಿದ್ದ. ಕೊಂದ ಮೇಲೆ ಕಂಪ್ಯೂಟರಿನ ಮುಂದೆ ಕೂತು, ಆ ರೋಗಿಗೆ ತಿಂಗಳುಗಳ ಹಿಂದಿನಿಂದಲೇ ಎದೆನೋವು ಇತ್ತು ಎಂಬಂತೆ ಹಳೆಯ ತಾರೀಖು ಹಾಕಿ ಬರೆಯುತ್ತಿದ್ದ. ಆದರೆ ಯಾವ ಸಾಲನ್ನು ನಿಜವಾಗಿ ಯಾವ ದಿನ, ಎಷ್ಟು ಗಂಟೆಗೆ ಬರೆಯಲಾಯಿತು ಎಂಬುದನ್ನು ಆ ಯಂತ್ರ ಒಳಗೊಳಗೇ ಗುರುತು ಹಾಕಿಕೊಂಡಿತ್ತು. 2000ದ ಜನವರಿಯಲ್ಲಿ 15 ಕೊಲೆಗಳಿಗಾಗಿ ಅವನಿಗೆ ಶಿಕ್ಷೆಯಾಯಿತು. ನ್ಯಾಯಮೂರ್ತಿ ಜಾನೆಟ್ ಸ್ಮಿತ್ ನಡೆಸಿದ ವಿಚಾರಣೆ 215 ಕೊಲೆಗಳನ್ನು ಗುರುತಿಸಿತು. ಲಕೋಟೆಯ ಕಾಲವಾಗಿದ್ದರೆ ಹಾಳೆ ಬದಲಿಸಿದ್ದು ಯಾರಿಗೆ ತಿಳಿಯುತ್ತಿತ್ತು? ಕಾಗದವನ್ನು ಹೊಗಳಿ ಯಂತ್ರವನ್ನು ಹಳಿಯುವವರ ಸಾಲಿಗೆ ನಾವು ಸೇರದಿರಲು ಈ ಪ್ರಕರಣವೊಂದೇ ಸಾಕು.

ಕ್ಲಿನಿಕ್ಕುಗಳಲ್ಲಿ ಹೀಗೆ ಕಂಪ್ಯೂಟರು ನೆಲೆಯೂರಿದ್ದಾಗ ಆಸ್ಪತ್ರೆಗಳಲ್ಲಿ ಸ್ಥಿತಿ ಬೇರೆಯೇ ಇತ್ತು. ಅಲ್ಲಿ ಸಾಫ್ಟ್‌ವೇರ್ ಕೊಳ್ಳುವವರು ಆಡಳಿತಗಾರರು, ಬಳಸಬೇಕಾದವರು ವೈದ್ಯರು ಮತ್ತು ದಾದಿಯರು. ವೈದ್ಯರಿಗೆ ಅದರಿಂದ ಕೆಲಸ ಹೆಚ್ಚಿತೇ ಹೊರತು ಪ್ರಯೋಜನ ಕಾಣಲಿಲ್ಲ. ವಾರ್ಡು, ಲ್ಯಾಬು, ಆಪರೇಷನ್ ಥಿಯೇಟರು, ಔಷಧ ವಿಭಾಗ ಎಲ್ಲಕ್ಕೂ ಬೇರೆ ಬೇರೆ ಕಡತ. ಇದನ್ನು ಒಂದೇ ಏಟಿಗೆ ಸರಿಪಡಿಸಲು ಪ್ರಧಾನಿ ಟೋನಿ ಬ್ಲೇರ್ ಹೊರಟರು. 2002ರ ಫೆಬ್ರವರಿಯಲ್ಲಿ ಡೌನಿಂಗ್ ಸ್ಟ್ರೀಟಿನಲ್ಲಿ ನಡೆದ ಒಂದು ಸಭೆಯಿಂದ ಶುರುವಾದ ಆಲೋಚನೆ ಅದೇ ವರ್ಷದೊಳಗೆ 'ನ್ಯಾಷನಲ್ ಪ್ರೋಗ್ರಾಮ್ ಫಾರ್ ಐಟಿ' ಎಂಬ ಯೋಜನೆಯಾಯಿತು. ಅದು ಇಂಗ್ಲೆಂಡಿಗಷ್ಟೇ ಸೇರಿದ್ದು. ಸ್ಕಾಟ್ಲೆಂಡ್, ವೇಲ್ಸ್ ತಮ್ಮ ದಾರಿ ತಾವು ನೋಡಿಕೊಂಡವು. ಐದು ಕೋಟಿ ಇಂಗ್ಲೆಂಡಿಗರ ದಾಖಲೆ ಒಂದೇ ಜಾಲದಲ್ಲಿ. ಅದರ ನಡುವಿನ ಕೊಂಡಿಗೆ ಇಟ್ಟ ಹೆಸರು 'ಸ್ಪೈನ್', ಅಂದರೆ ಬೆನ್ನೆಲುಬು. ಬಹುಶಃ ಸೈನಿಕೇತರ ಲೋಕದಲ್ಲಿ ಅಷ್ಟು ದೊಡ್ಡ ಆರೋಗ್ಯ ಕಂಪ್ಯೂಟರ್ ಯೋಜನೆಯನ್ನು ಯಾರೂ ಕನಸಿನಲ್ಲೂ ಕಂಡಿರಲಿಲ್ಲ.

ಯೋಜನೆಯ ಮುಖ್ಯಸ್ಥರಾಗಿ ಬಂದವರು ರಿಚರ್ಡ್ ಗ್ರೇಂಜರ್. ದೇಶವನ್ನು ಐದು ತುಂಡು ಮಾಡಿ, ಆಕ್ಸೆಂಚರ್‌ಗೆ ಎರಡು, ಸಿ.ಎಸ್.ಸಿ.ಗೆ ಒಂದು, ಫುಜಿತ್ಸುವಿಗೆ ಒಂದು, ಬಿ.ಟಿ.ಗೆ ಲಂಡನ್ ಎಂದು ಹಂಚಿಬಿಟ್ಟರು. ಕರಾರುಗಳ ಮೊತ್ತ 620 ಕೋಟಿ ಪೌಂಡು. ಕಂಪನಿಗಳನ್ನು ಅವರು ಹಿಮದ ಗಾಡಿ ಎಳೆಯುವ ನಾಯಿಗಳಿಗೆ ಹೋಲಿಸಿದ್ದು ಪತ್ರಿಕೆಗಳಲ್ಲಿ ಬಂತು. ಒಂದು ನಾಯಿ ಕುಂಟಿದರೆ ಅದನ್ನು ಕೊಂದು ಉಳಿದವಕ್ಕೆ ಹಾಕಬೇಕು, ಆಗ ಉಳಿದವು ಜೋರಾಗಿ ಓಡುತ್ತವೆ ಎಂಬುದು ಅವರ ಮಾತಿನ ತಾತ್ಪರ್ಯ. ಗಾಡಿಯಲ್ಲಿ ಮಲಗಿದ್ದ ರೋಗಿಯನ್ನು, ಪಕ್ಕದಲ್ಲಿ ನಡೆಯುತ್ತಿದ್ದ ದಾದಿಯನ್ನು ಎತ್ತ ಹೋಗಬೇಕೆಂದು ಯಾರೂ ಕೇಳಿರಲಿಲ್ಲ.

ಮೊದಲ ಸೂಚನೆ ಬೇಗನೆ ಸಿಕ್ಕಿತು. ಜಿ.ಪಿ. ತನ್ನ ಕೋಣೆಯಲ್ಲೇ ಕೂತು ರೋಗಿಗೆ ದೊಡ್ಡಾಸ್ಪತ್ರೆಯ ಅಪಾಯಿಂಟ್‌ಮೆಂಟ್ ಕೊಡಿಸುವ ಏರ್ಪಾಡು ಯೋಜನೆಯ ಒಂದು ಭಾಗವಾಗಿತ್ತು. 2004ರ ಡಿಸೆಂಬರ್ ಕೊನೆಗೆ 2,05,000 ಬುಕಿಂಗ್ ಆಗಬೇಕೆಂದು ಅಂದಾಜು ಹಾಕಿದ್ದರು. ಆದದ್ದು 63. ಅಚ್ಚಿನ ತಪ್ಪೆಂದು ಓದುಗರು ಭಾವಿಸಬಾರದು, ಅರವತ್ತಮೂರೇ. 2006ರ ಏಪ್ರಿಲಿನಲ್ಲಿ 23 ಮಂದಿ ಕಂಪ್ಯೂಟರ್ ಪ್ರಾಧ್ಯಾಪಕರು ಸಂಸತ್ತಿನ ಆರೋಗ್ಯ ಸಮಿತಿಗೆ ಬಹಿರಂಗ ಪತ್ರ ಬರೆದು ಸ್ವತಂತ್ರ ಪರಿಶೀಲನೆ ಆಗಲಿ ಎಂದರು. ಅದೇ ವರ್ಷ ಲೆಕ್ಕ ಪರಿಶೋಧಕರು ಒಟ್ಟು ಖರ್ಚನ್ನು 1,240 ಕೋಟಿ ಪೌಂಡು ಎಂದು ಅಂದಾಜಿಸಿದರು. ಅದೇ ವರ್ಷ ಆಕ್ಸೆಂಚರ್ ಹೊರನಡೆಯಿತು. 2008ರಲ್ಲಿ ಫುಜಿತ್ಸುವಿನ ಕರಾರು ಮುರಿದುಬಿತ್ತು. 2011ರ ಸೆಪ್ಟೆಂಬರಿನಲ್ಲಿ ಸರ್ಕಾರ ಯೋಜನೆಯನ್ನು ಕಳಚಿಹಾಕುವುದಾಗಿ ಪ್ರಕಟಿಸಿತು. 2013ರಲ್ಲಿ ಸಂಸತ್ತಿನ ಸಾರ್ವಜನಿಕ ಲೆಕ್ಕಪತ್ರ ಸಮಿತಿ, ಇದು ಸಾರ್ವಜನಿಕ ವಲಯದ ಇತಿಹಾಸದಲ್ಲೇ ಅತಿ ಕೆಟ್ಟ, ಅತಿ ದುಬಾರಿ ಗುತ್ತಿಗೆ ಅವಾಂತರಗಳಲ್ಲೊಂದು ಎಂದು ಬರೆಯಿತು. ಆಗಿನ ಲೆಕ್ಕದಲ್ಲಿ ಒಟ್ಟು ಖರ್ಚು ಸುಮಾರು 980 ಕೋಟಿ ಪೌಂಡು.

ಎಲ್ಲವೂ ನೀರಿಗೆ ಹೋಯಿತೆಂದು ಹೇಳಿದರೆ ಅನ್ಯಾಯವಾದೀತು. ಎಕ್ಸ್‌ರೇ, ಸ್ಕ್ಯಾನುಗಳನ್ನು ಫಿಲ್ಮಿನ ಬದಲು ಪರದೆಯ ಮೇಲೆ ನೋಡುವ ವ್ಯವಸ್ಥೆ 2007ರ ಕೊನೆಗೆ ಇಂಗ್ಲೆಂಡಿನ ಎಲ್ಲ ದೊಡ್ಡ ಆಸ್ಪತ್ರೆಗಳನ್ನು ತಲುಪಿತ್ತು. ಅದನ್ನು ವೈದ್ಯರು ಕೈಚಾಚಿ ತೆಗೆದುಕೊಂಡರು, ಏಕೆಂದರೆ ಕಳೆದುಹೋದ ಫಿಲ್ಮನ್ನು ಹುಡುಕುತ್ತ ಮೆಟ್ಟಿಲು ಹತ್ತಿಳಿದವರು ಅವರೇ. ಸ್ಪೈನ್ ಕೂಡ ಬದುಕಿತು. 2014ರಲ್ಲಿ ಸರ್ಕಾರದ ಸ್ವಂತ ತಂಡ ಅದನ್ನು ಹೊಸದಾಗಿ ಕಟ್ಟಿತು. ಹಿಂದಿನ ದೊಡ್ಡ ಗುತ್ತಿಗೆಯ ದಾರಿಯನ್ನು ಈ ಸಲ ಹಿಡಿಯಲಿಲ್ಲ.

ಹಣ ಪೋಲಾದರೆ ಮತ್ತೆ ಸಂಪಾದಿಸಬಹುದು. ಇದಕ್ಕಿಂತ ಆಳದ ಪೆಟ್ಟು ಬಿದ್ದದ್ದು ಇನ್ನೊಂದು ಕಡೆ. 1997ರಲ್ಲೇ ಮನೋವೈದ್ಯೆ ಫಿಯೋನಾ ಕಾಲ್ಡಿಕಾಟ್ ಅವರ ಸಮಿತಿ ರೋಗಿಯ ಮಾಹಿತಿಯನ್ನು ಯಾರು, ಯಾವಾಗ, ಎಷ್ಟು ನೋಡಬಹುದೆಂದು ನಿಯಮ ಹಾಕಿಕೊಟ್ಟಿತ್ತು. ಪ್ರತಿ ಆಸ್ಪತ್ರೆಗೂ ಈ ಗುಟ್ಟಿನ ಕಾವಲುಗಾರನೊಬ್ಬನನ್ನು ನೇಮಿಸಿದರು. ಅವರ ಹೆಸರಿನಿಂದಲೇ ಅವನನ್ನು 'ಕಾಲ್ಡಿಕಾಟ್ ಗಾರ್ಡಿಯನ್' ಎನ್ನುತ್ತಾರೆ. ಆದರೂ 2014ರ ಆರಂಭದಲ್ಲಿ ಏನಾಯಿತು ನೋಡಿ. ಜಿ.ಪಿ.ಗಳ ಬಳಿಯಿರುವ ದಾಖಲೆಗಳನ್ನೆಲ್ಲ ಕೇಂದ್ರದ ಒಂದು ಭಂಡಾರಕ್ಕೆ ಎಳೆದುಕೊಳ್ಳುವ 'ಕೇರ್ ಡೇಟಾ' ಯೋಜನೆಗಾಗಿ 2.65 ಕೋಟಿ ಮನೆಗಳಿಗೆ ಕರಪತ್ರ ಹಂಚಿದರು. ಆ ಕರಪತ್ರದಲ್ಲಿ ಯೋಜನೆಯ ಹೆಸರೇ ಇರಲಿಲ್ಲ. ಬೇಡವೆನ್ನುವವರಿಗೆ ತುಂಬಿಕೊಡಲು ಒಂದು ಫಾರಮ್ಮೂ ಇರಲಿಲ್ಲ. ಬಿ.ಬಿ.ಸಿ. ನಡೆಸಿದ ಸಮೀಕ್ಷೆಯಲ್ಲಿ ನೂರರಲ್ಲಿ 29 ಮಂದಿಗೆ ಮಾತ್ರ ಅದು ಬಂದ ನೆನಪಿತ್ತು. ಅಷ್ಟರಲ್ಲಿ ಇನ್ನೊಂದು ಸುದ್ದಿ ಹೊರಬಿತ್ತು. 4.7 ಕೋಟಿ ರೋಗಿಗಳ ಹದಿಮೂರು ವರ್ಷಗಳ ಆಸ್ಪತ್ರೆ ಮಾಹಿತಿ ಈ ಹಿಂದೆಯೇ ವಿಮಾ ಲೆಕ್ಕಿಗರ ಸಂಘವೊಂದಕ್ಕೆ ಹೋಗಿತ್ತು! ಯೋಜನೆಯನ್ನು ತಡೆಹಿಡಿದರು, 2016ರ ಜುಲೈಯಲ್ಲಿ ಮುಚ್ಚಿದರು.

ಇದಕ್ಕಿಂತಲೂ ನಮ್ಮ ಮನಸ್ಸನ್ನು ಕಲಕಿದ್ದು 2017ರ ಜನವರಿ 1ರಿಂದ ಜಾರಿಗೆ ಬಂದ ಒಂದು ಒಪ್ಪಂದ. ಬ್ರಿಟನ್ನಿನ ಗೃಹ ಇಲಾಖೆ ಮತ್ತು ಆರೋಗ್ಯ ದಾಖಲೆಗಳನ್ನು ಕಾಯುವ ಎನ್.ಎಚ್.ಎಸ್. ಡಿಜಿಟಲ್ ಸಂಸ್ಥೆಯ ನಡುವಿನ ಒಪ್ಪಂದ ಅದು. ವಲಸೆ ಕಾನೂನು ಮೀರಿ ದೇಶದಲ್ಲಿ ಉಳಿದಿದ್ದಾರೆಂದು ಶಂಕಿಸಿದವರ ಹೆಸರನ್ನು ಗೃಹ ಇಲಾಖೆ ಕಳಿಸಿದರೆ, ಜಿ.ಪಿ. ನೋಂದಣಿಯಲ್ಲಿರುವ ಅವರ ವಿಳಾಸ ಮೊದಲಾದ ವಿವರವನ್ನು ಇವರು ಕೊಡಬೇಕು. ಕಾಯಿಲೆಯ ವಿವರ ಕೊಡುತ್ತಿಲ್ಲ, ವಿಳಾಸ ತಾನೇ ಎಂಬುದು ಅಧಿಕಾರಿಗಳ ಸಮರ್ಥನೆ. ಆದರೆ ಆ ವಿಳಾಸ ಯಾರಿಗೆ, ಯಾವ ಹೊತ್ತಿನಲ್ಲಿ ಕೊಟ್ಟದ್ದು? ಮಗುವಿಗೆ ಮೈ ಸುಡುತ್ತಿದ್ದಾಗ ಕ್ಲಿನಿಕ್ಕಿನ ಕಿಟಕಿಯ ಮುಂದೆ ನಿಂತ ತಾಯಿ ಕೊಟ್ಟದ್ದು. ಬಸುರಿಯೊಬ್ಬಳು, ಕ್ಷಯ ತಗುಲಿದ ಕೂಲಿಯವನೊಬ್ಬ ಪೊಲೀಸರ ಹೆದರಿಕೆಯಿಂದ ವೈದ್ಯರ ಬಾಗಿಲನ್ನೇ ತಟ್ಟದಿದ್ದರೆ ಕೆಡುವುದು ಅವರ ಆರೋಗ್ಯ ಮಾತ್ರವೇ ಎಂದು ಅಲ್ಲಿನ ವೈದ್ಯರು ಕೇಳಿದರು. ವಲಸಿಗರ ಹಕ್ಕುಗಳ ಸಂಘಟನೆಯೊಂದು ನ್ಯಾಯಾಲಯಕ್ಕೆ ಹೋಯಿತು. ಸಂಸತ್ತಿನ ಆರೋಗ್ಯ ಸಮಿತಿಯ ಅಧ್ಯಕ್ಷೆ ಸಾರಾ ವೊಲ್ಲಸ್ಟನ್, ಸ್ವತಃ ಜಿ.ಪಿ. ಆಗಿದ್ದವರು, ಪಟ್ಟು ಹಿಡಿದರು. 2018ರ ಮೇ ತಿಂಗಳಲ್ಲಿ ಸರ್ಕಾರ ಈ ವಿನಿಮಯವನ್ನು ಬಹುಮಟ್ಟಿಗೆ ನಿಲ್ಲಿಸಿತು, ವರ್ಷದ ಕೊನೆಗೆ ಒಪ್ಪಂದವೇ ರದ್ದಾಯಿತು.

ಲಕೋಟೆಯ ಕಾಲದಲ್ಲಿ ಇಂಥ ಕೆಲಸಕ್ಕೆ ಅಧಿಕಾರಿ ಒಂದೊಂದೇ ಕ್ಲಿನಿಕ್ಕಿಗೆ ಹೋಗಿ ಒಬ್ಬೊಬ್ಬ ವೈದ್ಯನ ಮುಖ ನೋಡಿ ಕೇಳಬೇಕಿತ್ತು. ವೈದ್ಯ ಬಾಗಿಲಲ್ಲಿ ನಿಂತು 'ಇಲ್ಲ' ಎನ್ನಬಹುದಿತ್ತು. ದಾಖಲೆಗಳೆಲ್ಲ ಒಂದು ಕಡೆ ಸೇರಿದಾಗ ಆ ಬಾಗಿಲೇ ಮಾಯವಾಗುತ್ತದೆ.

2017ರ ಮೇ 12ರಂದು ವಾನಾಕ್ರೈ ಎಂಬ ಸುಲಿಗೆ ವೈರಸ್ಸು ಜಗತ್ತಿನಾದ್ಯಂತ ಹರಡಿ, ಇಂಗ್ಲೆಂಡಿನ 236 ಆಸ್ಪತ್ರೆ ಟ್ರಸ್ಟುಗಳಲ್ಲಿ ಕನಿಷ್ಠ 80ನ್ನು ಕಾಡಿತು. ಆಂಬುಲೆನ್ಸುಗಳು ದಿಕ್ಕು ಬದಲಿಸಿದವು, ಸಾವಿರಾರು ಅಪಾಯಿಂಟ್‌ಮೆಂಟುಗಳು ರದ್ದಾದವು. ಕಾಲಕಾಲಕ್ಕೆ ಮಾಡಬೇಕಾದ ಸಾಮಾನ್ಯ ದುರಸ್ತಿಯನ್ನು ಮಾಡದೆ ಬಿಟ್ಟದ್ದೇ ಕಾರಣ. ಇನ್ನೊಂದು ತಮಾಷೆಯೂ ಇದೆ. ಇಷ್ಟೆಲ್ಲ ಬೆನ್ನೆಲುಬು ಕಟ್ಟಿದ ಮೇಲೂ 2018ರಲ್ಲಿ ಇಂಗ್ಲೆಂಡಿನ ಆಸ್ಪತ್ರೆಗಳಲ್ಲಿ ಎಂಟು ಸಾವಿರಕ್ಕೂ ಹೆಚ್ಚು ಫ್ಯಾಕ್ಸ್ ಯಂತ್ರಗಳು ಗುಯ್‌ಗುಡುತ್ತಿದ್ದವು. ಇನ್ನು ಫ್ಯಾಕ್ಸ್ ಕೊಳ್ಳಕೂಡದು ಎಂದು ಆರೋಗ್ಯ ಮಂತ್ರಿಯೇ ಆಜ್ಞೆ ಹೊರಡಿಸಬೇಕಾಯಿತು.

ಆಮೇಲೆ ಕೋವಿಡ್ ಬಂತು. ಹತ್ತು ವರ್ಷಗಳಲ್ಲಿ ಆಗದ ಬದಲಾವಣೆ ಹತ್ತು ವಾರಗಳಲ್ಲಿ ಆಯಿತು. ಜಿ.ಪಿ.ಗಳು ಫೋನಿನಲ್ಲಿ, ವಿಡಿಯೋದಲ್ಲಿ ರೋಗಿಯನ್ನು ನೋಡತೊಡಗಿದರು. ಇದರಿಂದ ಅನುಕೂಲವಾದವರು ಬಹಳ. ಆದರೆ ಇಂಗ್ಲಿಷ್ ಬಾರದ ಅಜ್ಜಿಯನ್ನು ಊಹಿಸಿಕೊಳ್ಳಿ. ಮೊಮ್ಮಗ ಕೈಯಲ್ಲಿ ಫೋನು ಹಿಡಿದು, ಅಜ್ಜಿಯ ಮೈಯ ಗುಟ್ಟನ್ನು ಡಾಕ್ಟರಿಗೆ ಅನುವಾದಿಸಿ ಹೇಳಬೇಕು. ಎಷ್ಟು ಹೇಳಿಯಾಳು ಆಕೆ?

ಸೋಂಕಿತರ ಸಂಪರ್ಕ ಪತ್ತೆಗೆ ಸರ್ಕಾರ 2020ರ ಮೇ ತಿಂಗಳಲ್ಲಿ ಐಲ್ ಆಫ್ ವೈಟ್ ದ್ವೀಪದಲ್ಲಿ ಒಂದು ಆ್ಯಪ್ ಪ್ರಯೋಗ ಮಾಡಿತು. ಮಾಹಿತಿಯೆಲ್ಲ ಕೇಂದ್ರಕ್ಕೆ ಬರುವಂತೆ ಅದನ್ನು ರೂಪಿಸಿದ್ದರು. ಒಂದೇ ತಿಂಗಳಲ್ಲಿ ಅದನ್ನು ಕೈಬಿಟ್ಟು, ಮಾಹಿತಿ ಆಯಾ ಜನರ ಫೋನಿನಲ್ಲೇ ಉಳಿಯುವ ಇನ್ನೊಂದನ್ನು ಸೆಪ್ಟೆಂಬರಿನಲ್ಲಿ ತಂದರು. ಅದೇ ವರ್ಷ ಬೆನ್ ಗೋಲ್ಡೇಕರ್ ಮತ್ತು ಸಂಗಡಿಗರು ಆಕ್ಸ್‌ಫರ್ಡ್ ಹಾಗೂ ಲಂಡನ್ನಿನ ಸಂಶೋಧಕರನ್ನು ಸೇರಿಸಿ 'ಓಪನ್ ಸೇಫ್ಲಿ' ಎಂಬ ಹೊಸ ಮಾರ್ಗ ಹಿಡಿದರು. ಜಿ.ಪಿ. ಕಂಪ್ಯೂಟರುಗಳಲ್ಲಿದ್ದ 1.7 ಕೋಟಿ ಜನರ ದಾಖಲೆಗಳನ್ನು ಅವರು ತಮ್ಮ ಬಳಿ ತರಿಸಿಕೊಳ್ಳಲಿಲ್ಲ. ದಾಖಲೆ ಇದ್ದಲ್ಲಿಗೇ ತಮ್ಮ ಲೆಕ್ಕಾಚಾರವನ್ನು ಕಳಿಸಿ, ಉತ್ತರವನ್ನಷ್ಟೇ ಹೊರತಂದರು. ಯಾರು ಏನು ನೋಡಿದರೆಂಬುದೂ ಬಹಿರಂಗ. ಕಪ್ಪು ಜನಾಂಗದವರೂ ದಕ್ಷಿಣ ಏಷ್ಯಾ ಮೂಲದವರೂ ಕೋವಿಡ್‌ನಿಂದ ಹೆಚ್ಚು ಸಾಯುತ್ತಿದ್ದಾರೆ ಎಂಬುದು ಗಟ್ಟಿಯಾಗಿ ತಿಳಿದದ್ದು ಹೀಗೆ. ನಮ್ಮ ಲೆಕ್ಕದಲ್ಲಿ ಈ ಇಡೀ ಚರಿತ್ರೆಯಲ್ಲಿ ಅತ್ಯಂತ ಜಾಣತನದ ಕೆಲಸ ಇದೇ. ಖರ್ಚೂ ಅಲ್ಪ.

ಅಂಕಿಅಂಶ ಸಿಕ್ಕರೂ ಲಸಿಕೆಗೆ ಜನ ಬರಬೇಕಲ್ಲ? 2021ರ ಜನವರಿಯಲ್ಲಿ ಬರ್ಮಿಂಗ್‌ಹ್ಯಾಮಿನ ಬಾಲ್ಸಾಲ್ ಹೀತ್‌ನಲ್ಲಿರುವ ಅಲ್-ಅಬ್ಬಾಸ್ ಇಸ್ಲಾಮಿಕ್ ಸೆಂಟರ್ ಲಸಿಕಾ ಕೇಂದ್ರವಾಯಿತು. ಮಸೀದಿಯೊಂದು ಹಾಗೆ ತೆರೆದದ್ದು ದೇಶದಲ್ಲಿ ಅದೇ ಮೊದಲು. ಮೊಬೈಲಿನ ಸಂದೇಶವನ್ನು ನಂಬದವರು ಇಮಾಮರ ಮುಖ ನೋಡಿ ತೋಳು ಮಡಚಿದರು.

ಇಷ್ಟು ಪಾಠ ಕಲಿತವರು ಅದೇ ವರ್ಷ ಮತ್ತೆ ಎಡವಿದರು. ಜಿ.ಪಿ. ದಾಖಲೆಗಳನ್ನು ಕೇಂದ್ರಕ್ಕೆ ಎಳೆದುಕೊಳ್ಳುವ ಹೊಸ ಯೋಜನೆ 2021ರ ಜುಲೈ 1ಕ್ಕೆ ಎಂದು ಸದ್ದಿಲ್ಲದೆ ಗೊತ್ತಾಯಿತು. ಸುದ್ದಿ ಹರಡಿ ಕೆಲವೇ ವಾರಗಳಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಜನ 'ನಮ್ಮದು ಬೇಡ' ಎಂದು ಬರೆದುಕೊಟ್ಟರು. ಯೋಜನೆಯನ್ನು ಮುಂದೂಡಿದರು. 2023ರ ನವೆಂಬರಿನಲ್ಲಿ ಆಸ್ಪತ್ರೆಗಳ ಮಾಹಿತಿಯನ್ನು ಜೋಡಿಸುವ 33 ಕೋಟಿ ಪೌಂಡುಗಳ ಕೆಲಸ ಅಮೆರಿಕದ ಪ್ಯಾಲಂಟೀರ್ ಕಂಪನಿಯ ಮುಂದಾಳತ್ವದ ಗುಂಪಿಗೆ ಹೋಯಿತು. ಸೈನ್ಯಕ್ಕೆ, ಗುಪ್ತಚರರಿಗೆ ಸಾಫ್ಟ್‌ವೇರ್ ಮಾರಿ ಬೆಳೆದ ಕಂಪನಿಗೆ ರೋಗಿಯ ಕಡತವೇಕೆ ಎಂದು ವೈದ್ಯರ ಸಂಘ ಎದ್ದು ನಿಂತಿತು. ಅದಕ್ಕೆ ಒಂದು ತಿಂಗಳ ಮುಂಚೆ ಎಗ್ಟನ್ ಹಳ್ಳಿಯ ಇಬ್ಬರು ವೈದ್ಯರ ಎಮಿಸ್ ಕೂಡ ಅಮೆರಿಕದ ದೊಡ್ಡ ಆರೋಗ್ಯ ವಿಮಾ ಸಮೂಹವೊಂದರ ಪಾಲಾಗಿತ್ತು. 2025ರ ಜುಲೈಯಲ್ಲಿ ಪ್ರಕಟವಾದ ಸರ್ಕಾರದ ಹತ್ತು ವರ್ಷಗಳ ಯೋಜನೆ ಮತ್ತೆ 'ಒಬ್ಬ ರೋಗಿಗೆ ಒಂದೇ ದಾಖಲೆ' ಎನ್ನುತ್ತಿದೆ. ಲಾಯ್ಡ್ ಜಾರ್ಜ್ ಲಕೋಟೆಯನ್ನು ಹೊಸ ರೋಗಿಗಳಿಗೆ ಕೊಡುವುದು 2021ರ ಜನವರಿಯಲ್ಲೇ ನಿಂತಿದೆ. ಹಳೆಯವನ್ನು ಸ್ಕ್ಯಾನ್ ಮಾಡಿ ಕಪಾಟುಗಳನ್ನು ಖಾಲಿ ಮಾಡುತ್ತಿದ್ದಾರೆ.

ನಮ್ಮಲ್ಲಿ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ 2021ರ ಸೆಪ್ಟೆಂಬರ್ 27ರಂದು ದೇಶಾದ್ಯಂತ ಆರಂಭವಾಯಿತು. ಒಬ್ಬೊಬ್ಬರಿಗೂ ಹದಿನಾಲ್ಕು ಅಂಕೆಗಳ ಆರೋಗ್ಯ ಸಂಖ್ಯೆ. ಇಷ್ಟವಿದ್ದವರು ಮಾತ್ರ ಪಡೆಯಬಹುದು, ಒಪ್ಪಿಗೆಯಿಲ್ಲದೆ ಯಾರೂ ದಾಖಲೆ ನೋಡುವಂತಿಲ್ಲ ಎಂದು ನಿಯಮ ಹೇಳುತ್ತದೆ. ದಾಖಲೆಗಳು ಒಂದೇ ಭಂಡಾರಕ್ಕೆ ಬಾರದೆ ಆಯಾ ಆಸ್ಪತ್ರೆಯಲ್ಲೇ ಇರಬೇಕೆಂಬ ಅದರ ವಿನ್ಯಾಸ ಬ್ರಿಟನ್ನಿನ ಮೊದಲ ಯೋಜನೆಗಿಂತ ವಿವೇಕದ್ದು. ಆದರೆ ಲಸಿಕೆಗೆಂದು ಆಧಾರ್ ತೋರಿಸಿದ ಅನೇಕರಿಗೆ ಅವರನ್ನು ಕೇಳದೆಯೇ ಆರೋಗ್ಯ ಸಂಖ್ಯೆ ಹುಟ್ಟಿಕೊಂಡಿತ್ತೆಂದು ಅದೇ ವರ್ಷ ಪತ್ರಿಕೆಗಳು ವರದಿ ಮಾಡಿದ್ದವು.

ನಮ್ಮ ಅಮ್ಮಿಗೂ ಆ ಹದಿನಾಲ್ಕು ಅಂಕೆ ಬಂದಿದೆ. ಯಾವಾಗ ಒಪ್ಪಿಗೆ ಕೊಟ್ಟರೆಂದು ಕೇಳಿದರೆ ಅವರಿಗೆ ನೆನಪಿಲ್ಲ. ಸೈಬರ್ ಅಂಗಡಿಯಲ್ಲಿ ಅದರ ಕಾರ್ಡು ತೆಗೆಸಿ, ಲ್ಯಾಮಿನೇಷನ್ ಹಾಕಿಸಿ, ಹೊಸ ಪ್ಲಾಸ್ಟಿಕ್ ಚೀಲದಲ್ಲಿ ಎಕ್ಸ್‌ರೇ ಹಾಳೆಗಳ ನಡುವೆ ಜೋಪಾನವಾಗಿ ಇಟ್ಟುಕೊಂಡಿದ್ದಾರೆ. ಆಸ್ಪತ್ರೆಗೆ ಹೊರಡುವಾಗ ಈಗ ಚೀಲವನ್ನು ನಮ್ಮ ಕೈಗೆ ಕೊಡುವುದಿಲ್ಲ.